ಹರ್ಕ್ಯುಲಿಸ್ ಯಾಕೆ ಸುಸ್ತಾಗಿದ್ದಾನೆ?

ನಮ್ಮ ಪೈಕಿ ಬಹಳ ಜನಕ್ಕೆ ಹರ್ಕ್ಯುಲಿಸ್ ಅಂದರೆ ಮೊದಲು ನೆನಪಾಗುವುದು ಸೈಕಲ್ಲು. ನನಗೂ ಅಷ್ಟೇ. ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ನಮ್ಮಪ್ಪನ ಹತ್ತಿರ ಒಂದು ಕಪ್ಪು ಹರ್ಕ್ಯುಲಿಸ್ ಇತ್ತು. ಅದು ಒಬ್ಬ ಮನುಷ್ಯನ ಹೆಸರು ಅಂತ ನನಗೆ ಗೊತ್ತಾಗಿದ್ದು ಹೈಸ್ಕೂಲಿಗೆ ಬಂದಮೇಲೆ. ಆ ಸೈಕಲ್ಲುಗಳನ್ನು ಮಾಡುತ್ತಿದ್ದ ಟಿಐ ಕಂಪನಿ ಮದರಾಸಿನಲ್ಲಿ 1949ರಲ್ಲಿ ಶುರುವಾಗಿದ್ದು, ಕಾರ್ಖಾನೆ ಅಂಬತ್ತೂರಿನಲ್ಲಿ ಇದ್ದದ್ದು ಎಂಬುದು ಗೊತ್ತಾಗಿದ್ದು ಕೆಲಸ ಸಿಕ್ಕಿ ಈ ಚೆನ್ನೈಗೆ ಬಂದಮೇಲೆ. ಅಪ್ಪನ ಸೈಕಲ್ಲಿನ ತವರೂರಿಗೇ ಬಂದು ಸೇರಿದೆನಲ್ಲ ಅಂತ ಆಗ ನಗು ಬಂದಿತ್ತು.

ಈ ತಿಂಗಳು ಹರ್ಕ್ಯುಲಿಸ್ ವಿಷಯ ಯಾಕೆ ಬಂತು ಅಂದರೆ, ಏಳನೇ ಕ್ಲಾಸಿನ ನನ್ನ ಮಗಳು ನನ್ನನ್ನು ಒಂದು ಸುಳ್ಳಿನಲ್ಲಿ ಹಿಡಿದಳು.

ಸೆಂಟ್ರಲ್ ಸ್ಟೇಷನ್ ಪಕ್ಕದ ಮೂರ್ ಮಾರ್ಕೆಟ್ಟಿನ ಹಳೆ ಪುಸ್ತಕದಂಗಡಿಗಳಿಗೆ ನಾವಿಬ್ಬರೂ ಆಗಾಗ ಹೋಗುತ್ತೇವೆ. ಅಲ್ಲಿ ಅವಳಿಗೆ ಮಾರ್ವೆಲ್ ಕಾಮಿಕ್ಸಿನ ಹಳೆಯ ಕಥೆಗಳನ್ನು ಸೇರಿಸಿ ಮರುಮುದ್ರಣ ಮಾಡಿದ ಒಂದು ದಪ್ಪ ಪುಸ್ತಕ ಸಿಕ್ಕಿತು. ರಟ್ಟು ಹರಿದಿತ್ತು, ಒಳಗಿನ ಬಣ್ಣ ಮಾತ್ರ ಚೆನ್ನಾಗಿತ್ತು. ಅದರಲ್ಲಿ ಥಾರ್ ಮೊದಲ ಸಲ ಹರ್ಕ್ಯುಲಿಸನನ್ನು ಎದುರಾಗುವ ಕಥೆ ಇತ್ತು. 1965ರ 'ಜರ್ನಿ ಇಂಟು ಮಿಸ್ಟರಿ' ವಾರ್ಷಿಕ ಸಂಚಿಕೆಯದು; ಸ್ಟಾನ್ ಲೀ ಮತ್ತು ಜ್ಯಾಕ್ ಕರ್ಬಿ ಜೋಡಿಯ ಕೆಲಸ. ಥಾರ್ ದಾರಿ ತಪ್ಪಿ ಗ್ರೀಕ್ ದೇವತೆಗಳ ಒಲಿಂಪಸ್ಸಿಗೆ ಬಂದುಬಿಡುತ್ತಾನೆ. ಒಂದು ಸೇತುವೆ. ಈ ಕಡೆಯಿಂದ ಅವನು, ಆ ಕಡೆಯಿಂದ ಹರ್ಕ್ಯುಲಿಸ್. ಯಾರು ಯಾರಿಗೆ ದಾರಿ ಬಿಡಬೇಕು ಅನ್ನುವುದೇ ಜಗಳ. ಬಂಡೆ ಎತ್ತಿ ಹಾಕುತ್ತಾರೆ, ಬೆಟ್ಟ ನಡುಗುತ್ತದೆ, ಕೊನೆಗೆ ಜ್ಯೂಸ್ ಬಂದು ಇಬ್ಬರನ್ನೂ ಬಿಡಿಸುತ್ತಾನೆ. ಗೆದ್ದವರಿಲ್ಲ, ಸೋತವರಿಲ್ಲ.

ಓದಿದಾಗ ನನಗೆ ಭೀಮ-ಹನುಮಂತರ ಭೇಟಿ ನೆನಪಾಯಿತು. ಅಲ್ಲೂ ದಾರಿಯದೇ ಜಗಳ, ಆದರೆ ಮುದಿ ಕೋತಿಯ ಬಾಲ ಎತ್ತಲಾರದೆ ಭೀಮನ ಅಹಂಕಾರ ಇಳಿಯುತ್ತದೆ. ಇಲ್ಲಿ ಯಾರ ಅಹಂಕಾರವೂ ಇಳಿಯುವುದಿಲ್ಲ. ಮಾರ್ವೆಲ್ಲಿನ ಹರ್ಕ್ಯುಲಿಸ್ ಅಂಥವನೇ: ಗಡ್ಡ, ಗಹಗಹಿಸುವ ನಗು, ಕೈಯಲ್ಲಿ ಚಿನ್ನದ ಬಣ್ಣದ ಗದೆ, ಹಳೇ ಕಾಲದ ರಾಜಗಾಂಭೀರ್ಯದ ಮಾತು. ಊಟ, ಕುಡಿತ, ಹೊಡೆದಾಟ ಮೂರೂ ಅವನಿಗೆ ಹಬ್ಬ. ಕಂಪನಿ ಅವನಿಗೆ ಕೊಟ್ಟ ಬಿರುದು 'ಪ್ರಿನ್ಸ್ ಆಫ್ ಪವರ್', ಅಂದರೆ ಬಲದ ರಾಜಕುಮಾರ. ಮುಂದೆ ಅವೆಂಜರ್ಸ್ ತಂಡವನ್ನೂ ಸೇರಿದ. 2022ರ 'ಥಾರ್: ಲವ್ ಅಂಡ್ ಥಂಡರ್' ಸಿನಿಮಾ ನೋಡಿದವರಿಗೆ ಕೊನೆಯಲ್ಲಿ ಒಂದು ಕ್ಷಣ ಬಂದುಹೋದ ಬ್ರೆಟ್ ಗೋಲ್ಡ್‌ಸ್ಟೀನ್ ನೆನಪಿರಬಹುದು. ಅವನೇ ಇವನು.

ಮಗಳಿಗೆ ಹರ್ಕ್ಯುಲಿಸ್ ತುಂಬ ಹಿಡಿಸಿದ. ಅವನು ಹನ್ನೆರಡು ಸಾಹಸ ಮಾಡಿದ್ದ ಅಂತ ಎಲ್ಲೋ ಓದಿ, "ಅಪ್ಪಾ, ಆ ಹನ್ನೆರಡು ಕೆಲಸ ಯಾಕೆ ಮಾಡಬೇಕಾಯ್ತು?" ಅಂತ ಕೇಳಿದಳು.

ನನಗೆ ಉತ್ತರ ಗೊತ್ತಿತ್ತು. ಆದರೂ "ರಾಜ ಹೇಳಿದ್ದ ಕಣೇ, ಅದಕ್ಕೆ" ಅಂದೆ.

ಒಂದು ವಾರದ ಮೇಲೆ ಅವಳು ಸ್ಕೂಲ್ ಲೈಬ್ರರಿಯಿಂದ ಗ್ರೀಕ್ ಪುರಾಣದ ಪುಸ್ತಕ ತಂದಿದ್ದಳು. ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ ಹೇಳಿದಳು: "ಅವನು ತನ್ನ ಮಕ್ಕಳನ್ನೇ ಸಾಯಿಸಿದ್ದ. ಅದಕ್ಕೆ ಮಾಡಿದ್ದು. ನಿಂಗೆ ಗೊತ್ತಿತ್ತಲ್ವಾ?"

ಗೊತ್ತಿತ್ತು. ನಿಮಗೂ ಗೊತ್ತಿರಬಹುದು, ಆದರೂ ಕಥೆ ಹೇಳುತ್ತೇನೆ. ಗ್ರೀಕರು ಅವನನ್ನು ಕರೆಯುವುದು ಹೆರಾಕ್ಲೀಸ್ ಅಂತ. ಹರ್ಕ್ಯುಲಿಸ್ ಎನ್ನುವುದು ರೋಮನ್ನರ ಉಚ್ಚಾರ. ತಂದೆ ದೇವರಾಜ ಜ್ಯೂಸ್, ತಾಯಿ ಮನುಷ್ಯಳಾದ ಆಲ್ಕ್‌ಮೀನಿ. ಇಂಥವರನ್ನು ಕನ್ನಡದಲ್ಲಿ ಏನನ್ನಬೇಕೋ! ದೇವಮಾನವ ಅಂದರೆ ಈಗ ಬೇರೆಯೇ ಅರ್ಥ ಬರುತ್ತದೆ. ಕರ್ಣ, ಭೀಮ, ಅರ್ಜುನರ ಹಾಗೆ ದೇವರಿಗೆ ಹುಟ್ಟಿದವನು ಅಂದರೆ ನಮಗೆ ಸಲೀಸಾಗಿ ತಿಳಿಯುತ್ತದೆ. ಗಂಡನ ಈ ಮಗನನ್ನು ಕಂಡರೆ ಜ್ಯೂಸನ ಹೆಂಡತಿ ಹೆರಾಳಿಗೆ ಆಗದು. ತೊಟ್ಟಿಲಿಗೇ ಎರಡು ಹಾವು ಬಿಟ್ಟಳು, ಮಗು ಎರಡನ್ನೂ ಹಿಚುಕಿ ಕೊಂದಿತು. ವಿಚಿತ್ರ ಅಂದರೆ ಹೆರಾಕ್ಲೀಸ್ ಎಂಬ ಹೆಸರಿನ ಅರ್ಥವೇ 'ಹೆರಾಳ ಕೀರ್ತಿ'. ಯಾರು ಜೀವನವಿಡೀ ಕಾಡಿದಳೋ ಅವಳ ಹೆಸರನ್ನೇ ಹೊತ್ತು ತಿರುಗಿದ.

ದೊಡ್ಡವನಾಗಿ ಥೀಬ್ಸ್ ರಾಜನ ಮಗಳು ಮೆಗಾರಾಳನ್ನು ಮದುವೆಯಾದ, ಮಕ್ಕಳಾದವು. ಆಗ ಹೆರಾ ಅವನಿಗೆ ಹುಚ್ಚು ಹಿಡಿಸಿದಳು. ಆ ಹುಚ್ಚಿನಲ್ಲಿ ತನ್ನ ಮಕ್ಕಳನ್ನು ತಾನೇ ಕೊಂದ. ಅಪೊಲೊಡೋರಸನ ಹೆಸರಿನಲ್ಲಿ ಉಳಿದಿರುವ ಪುರಾಣ ಸಂಗ್ರಹದ ಪ್ರಕಾರ, ಬುದ್ಧಿ ಬಂದಮೇಲೆ ಅವನು ಡೆಲ್ಫಿಯ ದೇವವಾಣಿಯನ್ನು ಕೇಳಿದ. ಟಿರಿನ್ಸಿಗೆ ಹೋಗಿ ಯೂರಿಸ್ತ್ಯೂಸ್ ರಾಜನ ಚಾಕರಿ ಮಾಡು ಎಂದಿತು ಅದು. ಈ ರಾಜನೋ ಶುದ್ಧ ಹೇಡಿ. ಅವನು ಹೇಳಿದ್ದನ್ನು ಇವನು ತಲೆಬಗ್ಗಿಸಿ ಮಾಡಬೇಕು. ಮೊದಲು ಗೊತ್ತಾಗಿದ್ದು ಹತ್ತೇ ಕೆಲಸ. ಹೈಡ್ರಾ ಎಂಬ ಹಲವು ತಲೆಯ ಹಾವನ್ನು ಕೊಲ್ಲುವಾಗ ಅಣ್ಣತಮ್ಮಂದಿರ ಮಗ ಅಯೊಲಾಸ್ ಸಹಾಯ ಮಾಡಿದ, ಹಾಗಾಗಿ ಅದು ಲೆಕ್ಕಕ್ಕಿಲ್ಲ ಅಂದ ರಾಜ. ಆಜಿಯಸ್ಸನ ಕೊಟ್ಟಿಗೆಗೆ ನದಿ ತಿರುಗಿಸಿ ಸಗಣಿ ತೊಳೆದದ್ದಕ್ಕೆ ಕೂಲಿ ಕೇಳಿದ್ದೆಯಲ್ಲ, ಅದೂ ಲೆಕ್ಕಕ್ಕಿಲ್ಲ ಅಂದ. ಹೀಗೆ ಇನ್ನೆರಡು ಸೇರಿ ಹನ್ನೆರಡಾಯಿತು. ನಾವು ಅವನ್ನು ಸಾಹಸ ಅನ್ನುತ್ತೇವೆ. ನಿಜವಾಗಿ ಅದು ಪ್ರಾಯಶ್ಚಿತ್ತ. ಸೂತನನ್ನು ಕೊಂದ ಬಲರಾಮ ತೀರ್ಥಯಾತ್ರೆಗೆ ಹೊರಟನಲ್ಲ, ಆ ಜಾತಿಯದು.

ಈಗ ಆ ಕಾಮಿಕ್ಸ್ ಪುಸ್ತಕಕ್ಕೆ ಬರೋಣ. ಅದರ ಹರ್ಕ್ಯುಲಿಸ್ ಅಷ್ಟೊಂದು ನಗುವುದಕ್ಕೆ ಕಾರಣ, ಅವನ ಕಥೆಯಿಂದ ಈ ಭಾಗವನ್ನು ತೆಗೆದಿಟ್ಟಿದ್ದರು. ತೆಗೆದವರನ್ನು ಬೈಯುವುದಕ್ಕೆ ನಾನು ಹೊರಟಿಲ್ಲ. ಅಮೆರಿಕದಲ್ಲಿ 1954ರಿಂದ ಕಾಮಿಕ್ಸುಗಳಿಗೆ 'ಕಾಮಿಕ್ಸ್ ಕೋಡ್' ಅಂತ ಒಂದು ಕಟ್ಟುಪಾಡಿತ್ತು. ಆ ಮುದ್ರೆ ಇಲ್ಲದ ಪುಸ್ತಕ ಅಂಗಡಿಗೆ ಹೋಗುವುದೇ ಕಷ್ಟ. ಮಕ್ಕಳನ್ನು ಕೊಂದ ತಂದೆಗೆ ಅಲ್ಲಿ ಜಾಗ ಎಲ್ಲಿಂದ ಬರಬೇಕು? ಡಿಸ್ನಿಯವರು 1997ರಲ್ಲಿ ತೆಗೆದ ಕಾರ್ಟೂನ್ ಸಿನಿಮಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರಲ್ಲಿ ಹೆರಾಳೇ ಅವನ ಹೆತ್ತ ತಾಯಿ, ಮುದ್ದಿನ ಅಮ್ಮ! ಮಲತಾಯಿಯ ದ್ವೇಷವೂ ಇಲ್ಲ, ಹುಚ್ಚೂ ಇಲ್ಲ, ಪಾಪವೂ ಇಲ್ಲ.

ಯಾರು ಹೇಳುತ್ತಾರೆ ಎಂಬುದರ ಮೇಲೂ ಕಥೆ ಬದಲಾಗುತ್ತದೆ ಅನ್ನಿ. ಶಜಾಮ್ ಎಂದು ಕೂಗಿದರೆ ಹುಡುಗನೊಬ್ಬ ಮಹಾವೀರನಾಗುವ ಕಾಮಿಕ್ಸ್ 1940ರಲ್ಲಿ ಬಂತು. ಆ ಇಂಗ್ಲಿಷ್ ಪದದ ಎರಡನೇ ಅಕ್ಷರ ಹರ್ಕ್ಯುಲಿಸನದು, ಅವನ ಬಲಕ್ಕಾಗಿ. ಮರುವರ್ಷ ಬಂದ ವಂಡರ್ ವುಮನ್ ಕಥೆಯಲ್ಲಿ ಅದೇ ಹರ್ಕ್ಯುಲಿಸ್ ಖಳ: ಅಮೆಜಾನ್ ಹೆಂಗಸರಿಗೆ ಮೋಸ ಮಾಡಿ ಸಂಕೋಲೆ ಹಾಕಿದವನು. ಅವನ ಒಂಬತ್ತನೇ ಸಾಹಸ ಆ ಹೆಂಗಸರ ರಾಣಿಯ ನಡುಪಟ್ಟಿ ತರುವುದಾಗಿತ್ತು. ಗೆದ್ದವನ ಕಡೆಯಿಂದ ನೋಡಿದರೆ ಸಾಹಸ, ಕಳೆದುಕೊಂಡವರ ಕಡೆಯಿಂದ ನೋಡಿದರೆ ದರೋಡೆ.

ಇನ್ನು ನಮ್ಮ ಕಡೆಗೆ ಅವನು ಕಾಮಿಕ್ಸಿಗಿಂತ ಎಷ್ಟೋ ಮೊದಲೇ ಬಂದಿದ್ದ. ಅಲೆಕ್ಸಾಂಡರನ ನಾಣ್ಯಗಳ ಮೇಲೆ ಸಿಂಹದ ಚರ್ಮ ತಲೆಗೆ ಹೊದ್ದ ಹೆರಾಕ್ಲೀಸನ ಮುಖ ಇದೆ. ಗಾಂಧಾರದ ಶಿಲ್ಪಿಗಳು ಅದೇ ಸಿಂಹಚರ್ಮದವನನ್ನು ಬುದ್ಧನ ಪಕ್ಕ ನಿಲ್ಲಿಸಿ, ಕೈಗೆ ವಜ್ರಾಯುಧ ಕೊಟ್ಟು ವಜ್ರಪಾಣಿ ಮಾಡಿದರು. ಕ್ಷಮೆಯನ್ನು ಬೋಧಿಸಿದವನಿಗೆ ಅವನು ಕಾವಲುಗಾರ. ಎಲ್ಲರೂ ತಮಗೆ ಬೇಕಾದಷ್ಟು ಹರ್ಕ್ಯುಲಿಸನನ್ನು ತೆಗೆದುಕೊಂಡಿದ್ದಾರೆ. ಸೈಕಲ್ ಕಂಪನಿಗೆ ಬೇಕಾದದ್ದು ಅವನ ಗಟ್ಟಿತನ ಮಾತ್ರ.

ಆದರೆ ತೆಗೆದಿಟ್ಟ ಭಾಗ ಸುಮ್ಮನೆ ಇರುವುದಿಲ್ಲ, ಎಲ್ಲಿಂದಲೋ ಒಳಗೆ ಬರುತ್ತದೆ. ಮಾರ್ವೆಲ್ಲಿನಲ್ಲೇ 1986-87ರಲ್ಲಿ ರೋಜರ್ ಸ್ಟರ್ನ್ ಬರೆದ ಅವೆಂಜರ್ಸ್ ಕಥೆಯೊಂದಿದೆ. ಆಗ ತಂಡದ ನಾಯಕಿ ವಾಸ್ಪ್. ಹೆಂಗಸಿನ ಮಾತು ತಾನೇಕೆ ಕೇಳಬೇಕು ಎಂಬ ಜಂಬ ಹರ್ಕ್ಯುಲಿಸನಿಗೆ. ಕುಡಿದ ಮತ್ತಿನಲ್ಲಿ, ಬೇಡ ಅಂದರೂ ಒಬ್ಬನೇ ಶತ್ರುಗಳ ಗುಂಪಿನೊಳಗೆ ನುಗ್ಗುತ್ತಾನೆ. ಅವರೆಲ್ಲ ಸೇರಿ ಅವನನ್ನು ಪ್ರಜ್ಞೆ ತಪ್ಪಿ ಬೀಳುವ ಹಾಗೆ ಬಡಿಯುತ್ತಾರೆ. ದೇವರ ಮಗ ಆಸ್ಪತ್ರೆಯ ಮಂಚದ ಮೇಲೆ! 2008ರಲ್ಲಿ ಗ್ರೆಗ್ ಪಾಕ್ ಮತ್ತು ಫ್ರೆಡ್ ವಾನ್ ಲೆಂಟೆ ಬರೆಯಲು ಶುರುಮಾಡಿದ 'ದಿ ಇನ್‌ಕ್ರೆಡಿಬಲ್ ಹರ್ಕ್ಯುಲಿಸ್' ಮಾಲೆ ಇನ್ನೂ ಚೆನ್ನ. ಅದುವರೆಗೆ ಹಲ್ಕ್ ಹೆಸರಿನಲ್ಲಿ ಬರುತ್ತಿದ್ದ ಪತ್ರಿಕೆಯನ್ನು 112ನೇ ಸಂಚಿಕೆಯಿಂದ ಇವನ ಹೆಸರಿಗೆ ಬದಲಾಯಿಸಿದರು. ಜತೆಗೆ ಅಮೇಡಿಯಸ್ ಚೋ ಎಂಬ ಚುರುಕು ಬುದ್ಧಿಯ ಹುಡುಗ. ನಗು, ತಮಾಷೆ ಬೇಕಾದಷ್ಟಿದೆ. ಆದರೆ ಈಗಿನ ಕಥೆಯ ನಡುವೆ ಹಳೆಯ ಪುರಾಣದ ತುಣುಕುಗಳು ಬಂದುಹೋಗುತ್ತವೆ, ಆಗ ಈ ಮನುಷ್ಯ ಇಷ್ಟೊಂದು ನಗುವುದು ಯಾಕೆ ಅಂತ ಓದುಗನಿಗೆ ಬೇರೆ ಅನುಮಾನ ಬರುತ್ತದೆ.

ಗ್ರೀಕ್ ಶಿಲ್ಪಿಗಳಿಗೆ ಈ ಅನುಮಾನ ಮೊದಲೇ ಇತ್ತು ಅಂತ ಕಾಣುತ್ತದೆ. ಒಲಿಂಪಿಯಾದ ಜ್ಯೂಸ್ ದೇವಾಲಯದಲ್ಲಿ ಹನ್ನೆರಡು ಕೆಲಸಕ್ಕೂ ಒಂದೊಂದು ಕಲ್ಲಿನ ಫಲಕ ಕೆತ್ತಿದ್ದರು. ಕ್ರಿಸ್ತಪೂರ್ವ ಐದನೇ ಶತಮಾನದ್ದು. ಮೊದಲನೆಯದು ನೆಮಿಯಾದ ಸಿಂಹ. ಸಿಂಹ ಸತ್ತು ಕಾಲಡಿ ಬಿದ್ದಿದೆ. ಗೆದ್ದ ಹೆರಾಕ್ಲೀಸನಿಗೆ ಇನ್ನೂ ಗಡ್ಡ ಬಂದಿಲ್ಲ, ಹುಡುಗ. ತಲೆಯನ್ನು ಕೈಗೆ ಆನಿಸಿ ಸುಸ್ತಾಗಿ ನಿಂತಿದ್ದಾನೆ. ಇನ್ನೂ ಹನ್ನೊಂದು ಬಾಕಿ ಇದೆ. ನೇಪಲ್ಸ್ ಮ್ಯೂಸಿಯಮ್ಮಿನಲ್ಲಿರುವ, ಎರಡಾಳು ಎತ್ತರಕ್ಕೆ ಸ್ವಲ್ಪ ಕಡಿಮೆಯ 'ಫರ್ನೀಸ್ ಹರ್ಕ್ಯುಲಿಸ್' ಮೂರ್ತಿಯೂ ಹಾಗೆಯೇ. ಮೈ ತುಂಬ ಮಾಂಸಖಂಡ, ಆದರೆ ತಲೆ ಬಗ್ಗಿದೆ, ಗದೆಯ ಮೇಲೆ ಭಾರ ಬಿಟ್ಟು ನಿಂತಿದ್ದಾನೆ. ಬೆನ್ನ ಹಿಂದಿನ ಕೈಯಲ್ಲಿ ಕಷ್ಟಪಟ್ಟು ತಂದ ಚಿನ್ನದ ಸೇಬುಗಳಿವೆ. ಅವನ್ನು ಯಾರಿಗೂ ತೋರಿಸಬೇಕೆಂಬ ಉತ್ಸಾಹ ಅವನಿಗಿಲ್ಲ. ಲೋಕದ ಅತಿ ಬಲಶಾಲಿಯ ಅತಿ ಪ್ರಸಿದ್ಧ ಮೂರ್ತಿಯಲ್ಲಿ ಇರುವುದು ಸುಸ್ತು.

ಯೂರಿಪಿಡೀಸ್ ಎಂಬ ನಾಟಕಕಾರ ಕ್ರಿ.ಪೂ. 416ರ ಆಸುಪಾಸಿನಲ್ಲಿ ಅವನ ಮೇಲೆ ಬರೆದ ನಾಟಕದಲ್ಲಿ ಘಟನೆಗಳ ಕ್ರಮವನ್ನೇ ತಿರುಗಿಸಿಬಿಟ್ಟ. ಅಲ್ಲಿ ಎಲ್ಲ ಕೆಲಸ ಮುಗಿಸಿ ಮನೆಗೆ ಬರುತ್ತಾನೆ. ದುಷ್ಟ ರಾಜನೊಬ್ಬನಿಂದ ಹೆಂಡತಿ ಮಕ್ಕಳನ್ನು ಉಳಿಸುತ್ತಾನೆ. ಇನ್ನೇನು ನೆಮ್ಮದಿ ಅನ್ನುವಾಗ ಹುಚ್ಚು ಹಿಡಿದು, ಈಗ ತಾನೇ ಉಳಿಸಿದವರನ್ನು ತಾನೇ ಕೊಲ್ಲುತ್ತಾನೆ. ಎಚ್ಚರವಾದಾಗ ಕಂಬಕ್ಕೆ ಕಟ್ಟಿಹಾಕಿದ್ದಾರೆ, ಸುತ್ತ ಹೆಣಗಳು. ಯಾರು ಮಾಡಿದ್ದು ಅಂತ ಅವನೇ ಕೇಳುತ್ತಾನೆ. ವಯಸ್ಸಾದ ಅಪ್ಪ ಆಂಫಿಟ್ರಯಾನ್ ಹೇಳಬೇಕಾಗುತ್ತದೆ. ಸಾಯಬೇಕೆಂದು ಹೊರಡುವ ಅವನಿಗೆ ಗೆಳೆಯ ಥೀಸ್ಯೂಸ್ ಬಂದು ಕೈ ಕೊಡುತ್ತಾನೆ. ನನ್ನನ್ನು ಮುಟ್ಟಬೇಡ, ಪಾಪ ನಿನಗೂ ತಗಲುತ್ತದೆ ಅಂದರೂ ಕೇಳುವುದಿಲ್ಲ. ಕೊನೆಗೆ ಹೆರಾಕ್ಲೀಸ್ ಬದುಕುವುದು ಅಂತ ನಿಶ್ಚಯಿಸುತ್ತಾನೆ. ಹೊರಡುವಾಗ ತನ್ನ ಬಿಲ್ಲನ್ನು ನೋಡುತ್ತಾನೆ. ಮಕ್ಕಳನ್ನು ಕೊಂದ ಬಿಲ್ಲು. ಬಿಟ್ಟು ಹೋಗಲೋ, ತೆಗೆದುಕೊಳ್ಳಲೋ? ತೆಗೆದುಕೊಂಡೇ ಹೋಗುತ್ತಾನೆ.

ಸಿಂಹ ಕೊಂದದ್ದಕ್ಕಿಂತ, ಅಟ್ಲಾಸನ ಬದಲು ಆಕಾಶ ಹೊತ್ತದ್ದಕ್ಕಿಂತ ಇದು ದೊಡ್ಡ ಕೆಲಸ ಅಂತ ನನಗೆ ಅನ್ನಿಸುತ್ತದೆ. ಸರಿಪಡಿಸಲಾಗದ ತಪ್ಪು ಮಾಡಿದಮೇಲೂ ಮರುದಿನ ಎದ್ದು ಕೆಲಸಕ್ಕೆ ಹೋಗುವುದು. ಹುಚ್ಚು ಹಿಡಿಸಿದ್ದು ಹೆರಾ ಅಂತ ಅವನಿಗೂ ಗೊತ್ತು, ಎಲ್ಲರಿಗೂ ಗೊತ್ತು. ಆದರೂ ಕೈ ತನ್ನದು ಎಂಬುದನ್ನು ಅವನು ಮರೆಯಲಿಲ್ಲ.

ಇದನ್ನೆಲ್ಲ ಬಿಟ್ಟು ಮಗಳಿಗೆ ಸುಳ್ಳು ಯಾಕೆ ಹೇಳಿದೆ? ಸಣ್ಣ ಹುಡುಗಿ, ಹೆದರುತ್ತಾಳೆ ಅಂತ. ಅದು ಅರ್ಧ ಕಾರಣ. ಇನ್ನರ್ಧ ನಮ್ಮಪ್ಪನದು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ರೇಷನ್ನಿಗೆ ಕೊಟ್ಟಿದ್ದ ದುಡ್ಡು ಕಳೆದುಕೊಂಡು ಬಂದೆ. ಅಪ್ಪನಿಗೆ ಸಿಟ್ಟು ಬಂದರೆ ಮೈಮೇಲೆ ಪರಿವೆ ಇರುತ್ತಿರಲಿಲ್ಲ. ಅವತ್ತು ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಕೈಯಲ್ಲಿದ್ದ ಪಂಪಿನಿಂದಲೇ ಹೊಡೆದರು. ಮೊಣಕೈ ಊದಿಕೊಂಡಿತು. ಅಮ್ಮ ಅಡ್ಡ ಬಂದಮೇಲೆ ನಿಲ್ಲಿಸಿ ಜಗಲಿಯ ಮೇಲೆ ಹೋಗಿ ಕೂತರು. ರಾತ್ರಿ ಊಟ ಮಾಡಲಿಲ್ಲ. ಬೆಳಗ್ಗೆ ಮಾತಿಲ್ಲದೆ ನನ್ನನ್ನು ಕ್ಯಾರಿಯರ್ ಮೇಲೆ ಕೂರಿಸಿ ಡಾಕ್ಟರ ಹತ್ತಿರ ಕರಕೊಂಡು ಹೋದರು. ಮೂಳೆ ಬಿರುಕುಬಿಟ್ಟಿತ್ತು. ಕಟ್ಟು ಬಿಚ್ಚುವವರೆಗೆ ದಿನಾ ಸ್ಕೂಲಿಗೆ ಬಿಟ್ಟು ಮಂಡಿಗೆ ಹೋಗುತ್ತಿದ್ದರು, ಮಧ್ಯಾಹ್ನ ಮತ್ತೆ ಬಂದು ಕರಕೊಂಡು ಹೋಗುತ್ತಿದ್ದರು. ತಡವಾಯಿತೆಂದು ಯಜಮಾನರಿಂದ ಬೈಸಿಕೊಂಡರಂತೆ. ತಪ್ಪಾಯಿತು ಅಂತ ಒಂದು ದಿನವೂ ಅನ್ನಲಿಲ್ಲ. ಆದರೆ ಅವತ್ತಿನಿಂದ ನನ್ನ ಮೇಲಾಗಲಿ ತಂಗಿಯ ಮೇಲಾಗಲಿ ಕೈ ಎತ್ತಲಿಲ್ಲ. ಪಂಪು ಮನೆಯಲ್ಲೇ ಇತ್ತು. ಪ್ರತಿ ಭಾನುವಾರ ಅದರಲ್ಲೇ ಗಾಳಿ ಹೊಡೆಯುತ್ತಿದ್ದರು, ನಾನು ನೋಡುತ್ತಿದ್ದೆ.

ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಯಿತು. ಮಗಳಿಗೆ ಅವರು ಫೋಟೋದಲ್ಲಿ ನಗುವ ತಾತ. ಆ ತಾತ ಹಾಗೇ ಇರಲಿ ಅಂತ ನಾನೂ ಅವರ ಕಥೆಯನ್ನು ಡಿಸ್ನಿಯವರ ಹಾಗೆ ತೊಳೆದು ಇಟ್ಟಿದ್ದೆ. ಹರ್ಕ್ಯುಲಿಸನ ವಿಷಯದಲ್ಲಿ ನಾಲಿಗೆ ತಾನಾಗಿ ಹಾಗೆ ಹೊರಳಿತು.

ಅವತ್ತು ಊಟ ಮುಗಿದಮೇಲೆ ಎರಡೂ ಕಥೆ ಹೇಳಿದೆ. ಮೊದಲು ಹೆರಾಕ್ಲೀಸನದು, ಆಮೇಲೆ ತಾತನದು. ಒಂದು ಹೊಡೆತಕ್ಕೂ ಮೂರು ಕೊಲೆಗೂ ಹೋಲಿಕೆಯಿಲ್ಲ ಅಂತ ನನಗೆ ಗೊತ್ತು. ಅವಳಿಗೂ ಅದನ್ನೇ ಹೇಳಿದೆ. ನನ್ನ ಮೊಣಕೈ ಮುಟ್ಟಿ ನೋಡಿದಳು. "ಈಗ ನೋಯತ್ತಾ?" ಅಂದಳು. "ಇಲ್ಲ" ಅಂದೆ. "ತಾತಂಗೆ ನೋಯ್ತಿತ್ತೇನೋ" ಅಂದಳು.

ಎಲ್ಲವನ್ನೂ ಎಲ್ಲ ವಯಸ್ಸಿನ ಮಕ್ಕಳಿಗೂ ಹೇಳಬೇಕು ಅಂತ ನಾನು ವಾದ ಮಾಡುತ್ತಿಲ್ಲ. ಐದು ವರ್ಷದ ಮಗುವಿಗೆ ಗಹಗಹಿಸುವ ಹರ್ಕ್ಯುಲಿಸನೇ ಸಾಕು. ಆದರೆ ಯಾಕೆ ಅಂತ ಕೇಳುವ ವಯಸ್ಸು ಬಂದಮೇಲೆ ಸುಳ್ಳು ಕೊಡಬಾರದು. ತಪ್ಪೇ ಮಾಡದ ವೀರನನ್ನು ಕೊಟ್ಟರೆ, ನಾಳೆ ಅವರು ತಪ್ಪು ಮಾಡಿದ ದಿನ ಆ ವೀರ ಏನೂ ಕೆಲಸಕ್ಕೆ ಬರುವುದಿಲ್ಲ.

ಕಾಮಿಕ್ಸ್ ಪುಸ್ತಕ ಈಗಲೂ ಅವಳ ಮೇಜಿನ ಮೇಲಿದೆ. ಇಷ್ಟ ಕಡಿಮೆಯಾಗಿಲ್ಲ. ಮೊನ್ನೆ ಫರ್ನೀಸ್ ಮೂರ್ತಿಯ ಚಿತ್ರ ತೋರಿಸಿದಾಗ ಬಹಳ ಹೊತ್ತು ನೋಡಿ, "ಪಾಪ, ಕೂತ್ಕೊಳಕ್ಕಾದ್ರೂ ಏನಾದ್ರೂ ಕೊಡಬಾರದಿತ್ತಾ?" ಅಂದಳು.